ದೊಡ್ಡ ಬ್ಯಾಟರಿಯ ನಿದ್ದೆ

"ಅಜ್ಜಾರೇ, ದೊಡ್ಡ ಮಠದವರು ನನ್ನ ಶಾಲೆಯನ್ನು ತಮ್ಮ ಆಸರೆಗೆ ತೆಗೆದುಕೊಳ್ಳುತ್ತಾರಂತೆ. ಒಪ್ಪಿಕೊಳ್ಳಲೇ?"

ಕೇಳಿದವನು ಸಂಗಯ್ಯ, ಗುರುಗಳ ಹಳೆಯ ಶಿಷ್ಯ. ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸುತ್ತಿದ್ದ. ಮಠದಿಂದ ಬಂದ ಪತ್ರದಲ್ಲಿ ಎರಡು ಹಾಳೆ. ಮೊದಲನೆಯದರಲ್ಲಿ ಎರಡು ಮಹಡಿ, ಮೂವತ್ತು ಬೆಂಚು, ದಿನವೂ ಊಟ. ಅದನ್ನು ಗಟ್ಟಿಯಾಗಿ ಓದಿದ. ಎರಡನೆಯದರಲ್ಲಿ, ಮಠಕ್ಕೆ ಯಾರೇ ದೊಡ್ಡವರು ಬರಲಿ, ಪಾಠ ನಿಲ್ಲಿಸಿ ಮಕ್ಕಳ ಕೈಗೆ ಬಾವುಟ ಕೊಟ್ಟು ರಸ್ತೆಯಲ್ಲಿ ನಿಲ್ಲಿಸಬೇಕು ಎಂದಿತ್ತು. ಅದನ್ನು ಮಾತ್ರ ಓದದೆ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಳಿಸಿದ. ಗುರುಗಳ ಕಣ್ಣಿಗೆ ಅದು ಬಿತ್ತು.

"ನಿನಗೆ ಬೇಕಾದ್ದೆಷ್ಟು?" ಎಂದರು ಗುರುಗಳು.

"ಒಂದು ಕರಿಹಲಗೆ, ಸೋರದ ಮಾಡು. ಅಷ್ಟೇ."

"ಹಾಗಾದರೆ ಕೂತುಕೋ, ಒಂದು ಕತೆ ಹೇಳುತ್ತೇನೆ."

ಒಂದೂರಿನಲ್ಲಿ ಕನ್ನಡಕ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು. ಹಗಲೆಲ್ಲ ಊರವರ ಕಣ್ಣು ನೆಟ್ಟಗೆ ಮಾಡುವುದು, ಕತ್ತಲಾದ ಮೇಲೆ ತನ್ನ ಕಣ್ಣು ಆಕಾಶಕ್ಕೆ ನೆಡುವುದು. ಅವಳ ಬಳಿ ಒಂದು ದೂರದರ್ಶಕ. ಅದನ್ನು ಹೊತ್ತ ಪೀಠಕ್ಕೆ ಒಂದು ಸಣ್ಣ ಮೋಟಾರು. ಆಕಾಶ ಸರಿದಂತೆ ಅದು ದೂರದರ್ಶಕವನ್ನು ಮೆಲ್ಲಗೆ ತಿರುಗಿಸಬೇಕು. ಮೋಟಾರು ನಿಂತಿತೋ, ನಕ್ಷತ್ರ ಜಾರಿತು.

ಆ ವರ್ಷ ಬಾನಿನಲ್ಲಿ ಅಲೆಯುವ ಬಂಡೆಯೊಂದು ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ನಾಲ್ಕೇ ಸೆಕೆಂಡು ನಕ್ಷತ್ರ ಮರೆಯಾಗುತ್ತದೆ. ಅವಳ ಜೀವಮಾನದಲ್ಲಿ ಮತ್ತೆ ಇಲ್ಲ. ಕಾಣುವುದು ಊರಾಚೆಯ ಬೋಳುಗುಡ್ಡದಿಂದ ಮಾತ್ರ. ಗುಡ್ಡದ ಮೇಲೆ ಕರೆಂಟಿಲ್ಲ.

ಅವಳು ಒಬ್ಬ ವರ್ತಕನ ಅಂಗಡಿಗೆ ಹೋದಳು. ಅವನು ಹಿಡಿಕೆ ಇರುವ ಒಂದು ಬ್ಯಾಟರಿ ಪೆಟ್ಟಿಗೆ ತೋರಿಸಿದ. ಫ್ಯಾನು, ಫ್ರಿಜ್ಜು, ಮಿಕ್ಸಿ, ಎಲ್ಲ ಓಡುತ್ತದೆ ಎಂದ. ದೊಡ್ಡದು ಕೈಲಿದ್ದರೆ ಸಣ್ಣದರ ಚಿಂತೆ ಯಾಕೆ ಎಂದ. ಅವಳು ಪರೀಕ್ಷೆಗೆಂದು ನಾಲ್ಕು ದಿನಕ್ಕೆ ಹೊತ್ತು ತಂದಳು.

ತಾರಸಿಯ ಮೇಲೆ ಜೋಡಿಸಿದಳು. ಹತ್ತು ನಿಮಿಷಕ್ಕೆ ಮೋಟಾರು ನಿಂತಿತು. ಪೆಟ್ಟಿಗೆಯಲ್ಲಿ ಚಾರ್ಜು ತುಂಬಿತ್ತು, ಆದರೆ ಅದು ಮಲಗಿತ್ತು. ಗುಂಡಿ ಒತ್ತಿ ಎಬ್ಬಿಸಿದಳು. ಹತ್ತು ನಿಮಿಷಕ್ಕೆ ಮತ್ತೆ ನಿದ್ದೆ. ಮೂರನೆಯ ಸಲ, ಇದಕ್ಕೊಂದು ಲೋಟ ಕಾಫಿ ಕೊಡಬೇಕೇನೋ ಎಂದುಕೊಂಡಳು.

ಮರುದಿನ ಅಂಗಡಿಗೆ ಒಯ್ದು ಹೇಳಿದಾಗ ವರ್ತಕ ನಕ್ಕ. "ಪೆಟ್ಟಿಗೆಯದು ತಪ್ಪಿಲ್ಲ ತಾಯಿ. ನಿಮ್ಮ ಮೋಟಾರು ಎಳೆಯುವ ಕರೆಂಟು ಇಷ್ಟೇ ಇಷ್ಟು. ಯಾರೂ ಇಲ್ಲವೆಂದುಕೊಂಡು ಅದು ಮಲಗುತ್ತದೆ. ಜೊತೆಗೊಂದು ದೊಡ್ಡ ದೀಪ ಹಚ್ಚಿಡಿ, ಎಚ್ಚರವಾಗಿರುತ್ತದೆ."

"ಕತ್ತಲೆ ಹುಡುಕಿಕೊಂಡು ಗುಡ್ಡ ಹತ್ತುವವಳು ನಾನು. ದೀಪ ಹಚ್ಚಲೇ?"

"ಅದರ ಮೇಲೊಂದು ಕೊಡ ಮುಚ್ಚಿ."

"ಅಂದರೆ ನಾನು ನಕ್ಷತ್ರ ಕಾಯಬೇಕೋ, ನಿಮ್ಮ ಪೆಟ್ಟಿಗೆಯ ನಿದ್ದೆ ಕಾಯಬೇಕೋ? ನಾನಿದ್ದೇನೆಂದು ಅದಕ್ಕೆ ತೋರಿಸಲು ನಾನೇಕೆ ಉರಿಯಲಿ?"

ಪೆಟ್ಟಿಗೆಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು. ತನ್ನ ಸ್ಕೂಟರಿನ ಬ್ಯಾಟರಿಯೇ ಸಾಕು ಎಂದಳು.

"ಸ್ಕೂಟರಿನ ಬ್ಯಾಟರಿ ನಂಬಿಕೊಂಡು ಗುಡ್ಡ ಹತ್ತಿದರೆ ಊರು ನಗುತ್ತದೆ ತಾಯಿ."

"ನಗಲಿ. ನಕ್ಕು ನಕ್ಕು ಕನ್ನಡಕ ಸಡಿಲವಾದರೆ ನನ್ನ ಹತ್ತಿರವೇ ಬರಬೇಕು."

ಬಾಯಿ ಜೋರಿತ್ತು, ಎದೆ ಅಷ್ಟು ಜೋರಿರಲಿಲ್ಲ. ಮನೆಗೆ ಹೋಗಿ ಮೀಟರು ಹಿಡಿದು ಮೋಟಾರು ಎಷ್ಟು ಎಳೆಯುತ್ತದೆಂದು ಅಳೆದಳು. ಸ್ಕೂಟರಿನ ಬ್ಯಾಟರಿ ಬಿಚ್ಚಿ, ತಾರಸಿಯ ಮೇಲೆ ಒಂದು ಇಡೀ ರಾತ್ರಿ ಓಡಿಸಿ ನೋಡಿದಳು. ಬೆಳಗಾದರೂ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಆ ಬಡ ಬ್ಯಾಟರಿಗೆ ನಿದ್ದೆ ಮಾಡುವಷ್ಟು ಬುದ್ಧಿ ಇರಲಿಲ್ಲ. ತಂತಿ ಜೋಡಿಸಿದರೆ ಕೊಡುತ್ತಿತ್ತು, ಕಿತ್ತರೆ ನಿಲ್ಲಿಸುತ್ತಿತ್ತು. ನಕ್ಷತ್ರ ಮರೆಯಾಗುವ ರಾತ್ರಿ ಅದನ್ನು ಮತ್ತೆ ತುಂಬಿಸಿಕೊಂಡು, ಚಳಿಗೆ ಸೊರಗದಿರಲೆಂದು ಹಳೆಯ ರಗ್ಗು ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಗುಡ್ಡ ಹತ್ತಿದಳು.

ಆಮೇಲೊಂದು ದಿನ ವರ್ತಕ ಕನ್ನಡಕದ ಕಾಲು ಮುರಿದುಕೊಂಡು ಅವಳ ಅಂಗಡಿಗೇ ಬಂದ.

"ಅಷ್ಟೆಲ್ಲ ಹಟ ಹಿಡಿದಿರಲ್ಲ, ಏನು ಕಂಡಿತು?"

"ನಾಲ್ಕು ಸೆಕೆಂಡು ಏನೂ ಕಾಣಲಿಲ್ಲ."

"ಏನೂ ಕಾಣದಿರುವುದಕ್ಕೆ ಇಷ್ಟೆಲ್ಲವೇ?"

"ನಿಮ್ಮ ಪೆಟ್ಟಿಗೆಯೂ ಹಾಗೇ ಅಂದುಕೊಂಡು ಮಲಗಿತ್ತು," ಎಂದು ಅವಳು ಕನ್ನಡಕದ ತಿರುಪು ಬಿಗಿದಳು.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ನಕ್ಕ.

"ಒಳ್ಳೆಯ ಗಟ್ಟಿಗಿತ್ತಿ ಅಜ್ಜಾರೇ. ಆದರೆ ಮಠ ಅಂದರೆ ಬ್ಯಾಟರಿ ಪೆಟ್ಟಿಗೆಯೇ? ಅವರು ಮಹಡಿ ಕಟ್ಟಿಸಿ ಕೊಡುವವರು. ದೊಡ್ಡದಾದದ್ದೇ ತಪ್ಪೇ?"

ಅದಕ್ಕೆ ಗುರುಗಳು ಒಂದೇ ಮಾತು ಕೇಳಿದರು.

"ದೊಡ್ಡದಾದದ್ದು ತಪ್ಪಲ್ಲಪ್ಪ, ಜೇಬಿನಲ್ಲಿರುವ ಹಾಳೆಯಲ್ಲಿ ಯಾವ ದೀಪ ಹಚ್ಚಿಡಲು ಬರೆದಿದ್ದಾರೆ?"