ಸಾಹೇಬರ ಕೋಣೆಯ ಕಾಡು

ಹೊಸದಾಗಿ ವರ್ಗವಾಗಿ ಬಂದ ಸಾಹೇಬರು ಕಚೇರಿಯ ಬೋರ್ಡು ಬರೆಯುವ ಚಂಪಕ್ಕನನ್ನು ಕರೆಸಿದರು.

“ನನ್ನ ಕೋಣೆಯ ಗೋಡೆ ತುಂಬ ಕಾಡು ಬರಿಬೇಕು. ಕಿಟಕಿಯಾಚೆ ಇರೋ ಆ ಹೊಂಗೆಮರ ಬೆಳಕಿಗೆ ಅಡ್ಡ. ಸೋಮವಾರ ಕಡಿಸ್ತೀನಿ.”

ಚಂಪಕ್ಕ ಕಿಟಕಿಯಾಚೆ ನೋಡಿದಳು. ಕಚೇರಿಯವರೆಲ್ಲ ಮಧ್ಯಾಹ್ನ ಬುತ್ತಿ ಬಿಚ್ಚುವುದು ಆ ಮರದ ನೆರಳಲ್ಲೇ, ಅವಳೂ ಅಲ್ಲೇ. ಆದರೆ ಸಾಹೇಬರಿಗೆ ಎದುರಾಡುವವರುಂಟೇ?

“ಆಗಲಿ ಸಾರ್. ಮುಗಿಯೋವರೆಗೂ ಒಳಗೆ ಬರಬೇಡಿ, ಅಷ್ಟೆ.”

ಮೂರು ದಿನ ಬರೆದಳು. ಕಿಟಕಿಯ ಪರದೆ ಕಿತ್ತು, ಚೌಕಟ್ಟಿಗೆ ಬಣ್ಣದ ಬಳ್ಳಿ ಹಬ್ಬಿಸಿದಳು. ಕಿಟಕಿಯ ಕೆಳಗೆ ಹೊಂಗೆಯ ಬುಡ, ಎಡಬಲಕ್ಕೆ ಅದರದೇ ಕೊಂಬೆ.

ಸೋಮವಾರ ಸಾಹೇಬರು ಬಾಗಿಲಲ್ಲೇ ನಿಂತುಬಿಟ್ಟರು.

“ಭೇಷ್! ಜಿಂಕೆ, ನವಿಲು ಎಲ್ಲಾ ಚೆಂದ. ಆದ್ರೂ ನಡುವಿನ ಆ ಮರ ಇದೆಯಲ್ಲಮ್ಮ, ಎಲೆ ಅಲ್ಲಾಡಿದ ಹಾಗೇ ಕಾಣುತ್ತೆ! ಹೇಗೆ ಬರೆದೆ?”

“ಅಲ್ಲಾಡೋ ಎಲೆ ನಾನು ಬರೆದದ್ದಲ್ಲ ಸಾರ್,” ಎಂದಳು ಚಂಪಕ್ಕ, ಕುಂಚ ಒರೆಸುತ್ತ. “ನೀವು ಇವತ್ತು ಕಡಿಸ್ತೀನಿ ಅಂದಿದ್ರಲ್ಲ, ಆ ಮರದ್ದೇ. ಮರ ಕಡಿಯೋನು ಹೊರಗೆ ಕಾಯ್ತಿದಾನೆ.”

ಸಾಹೇಬರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು.

“ಕಡಿದ್ರೆ ನನ್ನ ಚಿತ್ರಕ್ಕೇ ತೂತು ಬೀಳಲ್ವೇನಮ್ಮ! ಮೊದಲು ಅವನನ್ನ ಮನೆಗೆ ಕಳಿಸು.”

ಆ ಮಧ್ಯಾಹ್ನ ಮರದಡಿ ಒಂದು ಬುತ್ತಿ ಹೆಚ್ಚಿಗೆ ಬಿಚ್ಚಿಕೊಂಡಿತು. ಅದು ಸಾಹೇಬರದು.