ಚಂದ್ರ ಕಾಣದ ರಜೆ

"ಹೆಣ ಇಡೋ ಕೋಣೆ ಎಲ್ಲಪ್ಪಾ?"

ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ದಾರಿ ತಪ್ಪಿದ ಭಟ್ಕಳದ ಮನೆಗೆಲಸದಾಕೆ ಕಸಗುಡಿಸುವವನನ್ನು ಕೇಳಿದಳು. ಜೊತೆಗೆಲಸದ ಮೈಮೂನಾ ತೀರಿಕೊಂಡಿದ್ದಳು. ಹೆಣ ಬಿಟ್ಟುಕೊಡುವ ಕಾಗದಕ್ಕೆ ಇವತ್ತು ಮೊಹರು ಬೀಳದಿದ್ದರೆ ಹಬ್ಬವಿಡೀ ಅವಳಿಗೆ ಐಸ್ ಪೆಟ್ಟಿಗೆಯೇ ಗತಿ.

ಆ ಕೋಣೆಯ ಪಕ್ಕದಲ್ಲೇ ಮೊಹರಿನ ಅಧಿಕಾರಿ ಬಾಗಿಲು ಮುಚ್ಚಿಕೊಂಡು ಚಹಾ ಹೀರುತ್ತಿದ್ದ; ಅವಳು ಒಳಗೆ ಹೋಗಿ ಕಾಗದ ಚಾಚಿದಳು.

"ಈದ್ ರಜೆ ಶುರುವಾಯ್ತು. ಹಬ್ಬ ಮುಗಿಸ್ಕೊಂಡು ಬಾ."

"ಚಂದ್ರ ಕಂಡನಾ ಸಾಹೇಬ್ರೇ?"

"ಮಧ್ಯಾಹ್ನ ಎಲ್ಲಿ ಕಾಣ್ತಾನೆ? ಸಂಜೆ ಕಾಣ್ತಾನೆ."

"ಹಾಗಾದ್ರೆ ಇನ್ನೂ ರಂಜಾನ್ ಉಪವಾಸ. ಹೊರಗೆ ಉಪವಾಸದ ಜನ ಕೂತಿದ್ದಾರೆ. ಬಾಗಿಲು ತೆರೆದು ಹೇಳ್ಲಾ, ಸಾಹೇಬ್ರಿಗೆ ಮಾತ್ರ ಹಬ್ಬ ಬಂದಿದೆ ಅಂತ?"

ಚಹಾ ಮೇಜಿನ ಕೆಳಗೆ ಹೋಯಿತು. ಮೊಹರು ಮೇಲೆ ಬಂತು.

ಅವಳು ಮೈಮೂನಾಳ ಮೈ ತೊಳೆದು ಕಫನ್ ಬಟ್ಟೆ ಹೊದಿಸಿದಳು. ಹಿಂದೆ ತನಗೆ ಟೈಫಾಯಿಡ್ ಬಂದಾಗ ಮೈ ಒರೆಸಿದವಳ ಋಣ ಹಾಗೆ ತೀರಿತು.