ಅಲಗುತೀರ್ಥದ ಮಹಿಮೆ

ಸಕಲ ಲೋಕಗಳನ್ನು ತನ್ನ ಬಲಗೈಯ ಖಡ್ಗದ ನೆರಳಿನಲ್ಲಿ ಕಾಯುತ್ತಿರುವ ಜಗನ್ಮಾತೆ ಅಲಗವ್ವನ ಪಾದಾರವಿಂದಗಳಿಗೆ ಮಣಿದು, ಕೆಂಗಲ್ಲ ಬರೆಯೆಂಬ ಗುಡ್ಡದ ಬಂಡೆಯೊಳಗೆ ತೀರ್ಥವು ಉದ್ಭವಿಸಿದ ಬಗೆಯನ್ನು, ಹಿರಿಯರು ಹೇಳಿದಂತೆ, ನಮ್ಮ ಬುದ್ಧಿಗೆ ಎಟುಕಿದಷ್ಟು, ಭಕ್ತಾದಿಗಳ ಮುಂದೆ ಇಡುತ್ತೇವೆ. ಖಡ್ಗವೆಂಬುದು ಅರಸರಿಗೆ ರಾಜ್ಯಲಕ್ಷ್ಮಿ, ವೀರರಿಗೆ ಎರಡನೆಯ ಪ್ರಾಣ, ಯೋಗಿಗಳಿಗೆ ಅಜ್ಞಾನವನ್ನು ಕಡಿಯುವ ವಿವೇಕ, ಕಮ್ಮಾರನಿಗೆ ಕುಲುಮೆಯಲ್ಲಿ ಹುಟ್ಟಿದ ಕೂಸು. ಆದರೆ ಬಾಚಲೆಯೆಂಬ ಗೋವಳರ ಹೆಣ್ಣುಮಗಳಿಗೆ ಅದು ಕೈಹಿಡಿದ ಗಂಡನಾಗಿತ್ತು.

ಪೂರ್ವಕಾಲದಲ್ಲಿ ಈ ಸೀಮೆಯನ್ನು ಮಾಚನಾಯಕನೆಂಬ ಊರೊಡೆಯನು ಆಳುತ್ತಿದ್ದನು. ಅವನ ತೀರಿಹೋದ ತಮ್ಮನ ಮಗ ಚಟ್ಟಿಗನಿಗೂ ಬಾಚಲೆಗೂ ಲಗ್ನ ನಿಶ್ಚಯವಾಗಿ, ಹಂದರ ಹಾಕಿ, ಅರಿಶಿನ ಹಚ್ಚುವ ಹೊತ್ತಿಗೆ, ಗಡಿಯಲ್ಲಿ ವೈರಿಗಳು ದನಗಳ ಹಿಂಡಿಗೆ ಕೈಹಾಕಿದರೆಂಬ ಸುದ್ದಿ ಬಂದುದರಿಂದ ಮದುಮಗನು ಅತ್ತ ಧಾವಿಸಬೇಕಾಯಿತು. ಮುಹೂರ್ತ ಮೀರಬಾರದೆಂದು ಅವನು ವೀರರ ಮನೆತನಗಳ ವಾಡಿಕೆಯಂತೆ, ತನಗೆ ಬದಲಾಗಿ ಮನೆತನದ ಖಡ್ಗವನ್ನು ಕುದುರೆಯ ಮೇಲಿರಿಸಿ ಹಸೆಮಣೆಗೆ ಕಳುಹಿಸಿದನು.

ಖಡ್ಗದ ಹಿಡಿಗೆ ಬಾಸಿಂಗ ಕಟ್ಟಿದ್ದನ್ನು ಕಂಡು ಬಾಚಲೆಯ ಅಜ್ಜಿ ನಾಗಿಯವ್ವೆ ಎದ್ದು ನಿಂತಳು.

"ಇದೆಂಥಾ ಮದುವಿ ನಾಯಕಾ? ನಾಳೆ ಯಾರರ ಬಂದು ಇದು ಬರೇ ಕಬ್ಬಿಣ ಅಂದರ, ನನ್ನ ಮೊಮ್ಮಗಳ ಗತಿ ಏನು?"

ಮಾಚನಾಯಕನು ಅಗ್ನಿಯ ಮುಂದೆ ಖಡ್ಗವನ್ನು ಮುಟ್ಟಿ, "ಕಬ್ಬಿಣ ಅನಬ್ಯಾಡ ಅವ್ವಾ. ಇದೇ ನಿನ್ನ ಮೊಮ್ಮಗಳ ಗಂಡ. ಈ ಮಾತಿಗೆ ನಾ ಹೊಣೆ" ಎಂದು ಹತ್ತೂರ ಜನರೆದುರು ನುಡಿದನು. ಆಮೇಲೆಯೇ ಅಜ್ಜಿ ಕುಳಿತದ್ದು.

ಗೆಳತಿಯರಿಗೋ ನಗುವೇ ನಗು. "ಬಾಚೂ, ನೀನೇ ಪುಣ್ಯವಂತಿ ಬಿಡು. ನಿನ್ನ ಗಂಡ ಉಪ್ಪು ಕಡಿಮಿ ಅನ್ನೂದಿಲ್ಲ, ಗೊರಕಿ ಹೊಡಿಯೂದಿಲ್ಲ. ಮಗ್ಗಲು ಬದಲಿಸುವಾಗ ಮಾತ್ರ ಹುಷಾರು!" ಬಾಚಲೆಯೂ ನಕ್ಕಳು. ನಕ್ಕರೂ, ಸಪ್ತಪದಿಯ ಒಂದೊಂದು ಹೆಜ್ಜೆಯನ್ನೂ ಅದರ ಹಿಡಿಯನ್ನು ಬಿಗಿಯಾಗಿ ಹಿಡಿದೇ ಇಟ್ಟಳು.

ಗಂಡನ ಮನೆಗೆ ಬಂದ ಮೇಲೆ ಅತ್ತೆ ಜಕ್ಕವ್ವೆಯೊಡನೆ ಕೂತು ಇಟ್ಟಿಗೆಪುಡಿಯಿಂದ ಅಲಗನ್ನು ತಿಕ್ಕುವುದು, ಕುಸುಬೆ ಎಣ್ಣೆ ಸವರಿ ಒರೆಗೆ ಸೇರಿಸುವುದು, ಉಣ್ಣುವ ಮೊದಲು ಅದರ ಮುಂದೊಂದು ತುತ್ತು ಇರಿಸುವುದು ಅವಳ ನಿತ್ಯವ್ರತವಾಯಿತು. ಹೀಗಿರಲು ಒಂದು ದಿನ ಮಧ್ಯಾಹ್ನ ಗಡಿಯಿಂದ ಬಂದ ಸವಾರನೊಬ್ಬ ಅಂಗಳದಲ್ಲಿ ರಕ್ತದ ಕಲೆಯ ರುಮಾಲನ್ನು ಇಟ್ಟು ತಲೆ ತಗ್ಗಿಸಿದನು. ಚಟ್ಟಿಗನು ದನಗಳನ್ನು ಬಿಡಿಸಿ ತಾನು ಮಡಿದಿದ್ದನು. ದೇಹವನ್ನು ಅಲ್ಲಿಯೇ ಸಂಸ್ಕರಿಸಿದ್ದರು. ಬಾಚಲೆ ಅತ್ತಳು. ಯಾರ ಮುಖವನ್ನು ನೆನೆದು ಅಳಬೇಕೆಂಬುದೂ ತಿಳಿಯದೆ, ಆ ರುಮಾಲಿನ ಮಡಿಕೆಗಳನ್ನೇ ಸವರುತ್ತ ಅತ್ತಳು.

ಕಣ್ಣೀರು ಆರುವ ಮುನ್ನವೇ ಮಾಚನಾಯಕನು ಕೆಂಗಲ್ಲ ಬರೆಯ ಮೇಲೆ ಚಿತೆಯನ್ನು ಒಟ್ಟಿಸಿದನು. ಸೊಸೆಯು ರುಮಾಲನ್ನು ಮಡಿಲಲ್ಲಿಟ್ಟುಕೊಂಡು ಅಗ್ನಿಪ್ರವೇಶ ಮಾಡಿದರೆ ಮನೆತನದ ಕೀರ್ತಿಯು ಆಚಂದ್ರಾರ್ಕವಾಗಿ ನಿಲ್ಲುವುದೆಂದು ಅವನ ಎಣಿಕೆ. ಬಾಚಲೆಯನ್ನು ಮೀಯಿಸಿ, ಮುಡಿಗೆ ಹೂ ಮುಡಿಸಿ, ವಾದ್ಯಗಳೊಡನೆ ಬರೆಗೆ ಕರೆತಂದರು. ಖಡ್ಗವನ್ನು ಮಾತ್ರ ಅವಳು ಎದೆಗವಚಿಕೊಂಡೇ ಬಂದಳು. ಚಿತೆಯ ಮುಂದೆ ನಿಂತವಳು ಅಲ್ಲಿಂದ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

"ನಡಿಯವ್ವಾ, ಏರು. ಹೊತ್ತು ಏರಾಕತ್ತೈತಿ" ಎಂದನು ನಾಯಕ.

"ನನ್ನ ಗಂಡ ಸತ್ತಿಲ್ಲ ಮಾವಾ."

"ಮಂದಿ ಮುಂದ ಹುಚ್ಚರ ಹಂಗ ಮಾತಾಡಬ್ಯಾಡ. ರುಮಾಲು ನೋಡಿಲ್ಲೇನು?"

"ನೋಡೀನಿ. ಅದು ನಮ್ಮತ್ತಿಯ ಮಗಂದು. ಅವರಿಗಾಗಿ ಅತ್ತೀನಿ, ಇನ್ನೂ ಅಳತೀನಿ. ಆದರ ಅಗ್ನಿ ಮುಂದ ನನ್ನ ಕೈ ಹಿಡಿದಾವ ಇಲ್ಲೇ ಅದಾನ. ನೀವೇ ಮುಟ್ಟಿ ಹೇಳಿದ್ರಿ."

ನೆರೆದ ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾಯಕನ ಮುಖ ಕೆಂಪಾಯಿತು. "ಅದು ಶಾಸ್ತ್ರಕ್ಕ ಅಂದ ಮಾತು. ಅದು ಬರೇ ಕಬ್ಬಿಣ!"

ಗುಂಪಿನ ನಡುವಿನಿಂದ ನಾಗಿಯವ್ವೆಯ ದನಿ ಕೇಳಿಸಿತು. "ಬಂತು ನೋಡ್ರಿ, ನಾ ಅಂದ ಮಾತು ನಾಯಕನ ಬಾಯಾಗ ಬಂತು!"

ಬಾಚಲೆ ಅಜ್ಜಿಯ ಕಡೆ ತಿರುಗಲಿಲ್ಲ. "ಕಬ್ಬಿಣ ಆದರ ನನಗ ಮದುವಿನೇ ಆಗಿಲ್ಲ, ಏರೂ ಮಾತಿಲ್ಲ. ಗಂಡ ಆದರ ಅವ ಜೀವಂತ ಅದಾನ, ಆಗೂ ಏರೂ ಮಾತಿಲ್ಲ. ಎರಡರಾಗ ಯಾವುದು ಅಂತ ನೀವೇ ಹೇಳ್ರಿ ಮಾವಾ."

ನಾಯಕನು ಕೋಪಾವಿಷ್ಟನಾಗಿ ಅವಳ ತೋಳಿನಿಂದ ಖಡ್ಗವನ್ನು ಕಸಿದುಕೊಂಡು, "ಹಂಗಾದರ ಮೊದಲು ನಿನ್ನ ಗಂಡ ಹೋಗಲಿ, ಬೆನ್ನಹಿಂದ ನೀನು!" ಎಂದು ಚಿತೆಯೊಳಕ್ಕೆ ಎಸೆದು ಕೊಳ್ಳಿಯನ್ನಿಟ್ಟನು. ತುಪ್ಪ ಕುಡಿದ ಬೆಂಕಿ ಭುಗಿಲೆಂದಿತು. ಆಳುಗಳು ಬಾಚಲೆಯ ರಟ್ಟೆಗೆ ಕೈಹಾಕಿದರು. ಆಗ ಅತ್ತೆ ಜಕ್ಕವ್ವೆ ನಡುವೆ ಬಂದು, "ಬಿಡ್ರೋ ಕೈ! ನನ್ನ ಮಗನ್ನ ಕಳಕೊಂಡೀನಿ, ಸೊಸೀನ್ನೂ ಕೊಡಬೇಕೇನು ನಿಮಗ?" ಎಂದು ಕೂಗಿದಳು. ಆಳುಗಳ ಹಿಡಿತ ಸಡಿಲವಾಯಿತು.

ಆ ಕ್ಷಣದಲ್ಲಿ ಬಾಚಲೆಯು ಮನಸ್ಸಿನಲ್ಲಿ ಖಡ್ಗಧಾರಿಣಿಯಾದ ತಾಯಿಯನ್ನು ನೆನೆದು, ತಾನಾಗಿಯೇ ಚಿತೆಯ ಬಳಿಗೆ ನಡೆದು, ಧಗಧಗಿಸುವ ಉರಿಯೊಳಗೆ ಬಲಗೈಯನ್ನು ಚಾಚಿ ಖಡ್ಗವನ್ನು ಹೊರಗೆಳೆದಳು. ಅಲಗು ಉದಯಸೂರ್ಯನಂತೆ ಕೆಂಪಾಗಿತ್ತು. ಆದರೆ ಅವಳ ಅಂಗೈಯಲ್ಲಿ ಅದು ತಾವರೆಯ ದಂಟಿನಂತೆ ತಂಪಾಗಿತ್ತು. ಜನಸ್ತೋಮವು ಹೋ ಎಂದು ಹಿಂದೆ ಸರಿಯಿತು. ನಾಯಕನೊಬ್ಬನೇ ಅವಳೆದುರು ಉಳಿದನು.

"ಹೊಡಿ" ಎಂದನು ಅವನು. "ಹೊಡದು ಬಿಡು."

"ಕಾಯಲಿಕ್ಕೆ ಅಂತ ನನ್ನ ಕೈಗೆ ಬಂದದ್ದು ಇದು ಮಾವಾ, ಕೊಲ್ಲಲಿಕ್ಕಲ್ಲ" ಎಂದವಳೇ ಬಾಚಲೆಯು ಎರಡೂ ಕೈಗಳಿಂದ ಖಡ್ಗವನ್ನೆತ್ತಿ, ಕಾಲಡಿಯ ಕೆಂಬಂಡೆಗೆ ಹಿಡಿಯವರೆಗೂ ಊರಿದಳು. ಬಂಡೆ ಬಿರಿಯಿತು. ಬಿರುಕಿನೊಳಗಿಂದ ಬುಸುಗುಟ್ಟುತ್ತ ಮೇಲೆದ್ದ ಜಲಧಾರೆಯು ಚಿತೆಯ ಮೇಲೆ ಹರಿದು, ಕಡೆಯ ಕಿಡಿಯನ್ನೂ ಆರಿಸಿ, ನಾಯಕನ ಪಾದಗಳನ್ನು ತೋಯಿಸಿತು. ಆಗ ಬಂಡೆಯೊಳಗಿಂದ ಅಶರೀರವಾಣಿಯಾಯಿತು:

"ಈ ಕೈಗೆ ನಾನೇ ಅಲಗು, ಈ ಅಲಗಿಗೆ ನಾನೇ ಒರೆ. ನನ್ನ ಮುಂದೆ ಇನ್ನು ಯಾವ ಹೆಣ್ಣಿನ ಕುಂಕುಮವೂ ಅಳಿಯಲಾಗದು. ಈ ಬಂಡೆಯ ಮೇಲೆ ಇನ್ನು ಬೆಂಕಿ ಉರಿಯಲಾಗದು."

ಮಾಚನಾಯಕನು ತಲೆಯ ಮುಂಡಾಸನ್ನು ತೆಗೆದು ಆ ನೀರಿನಲ್ಲಿ ಅದ್ದಿ ಬಾಚಲೆಯ ಪಾದದ ಬಳಿ ಇರಿಸಿದನು. ಅವಳು ಅದನ್ನು ಹಿಂಡಿ, ಮಡಿಸಿ, ಅವನ ಕೈಗೇ ಹಿಂದಿರುಗಿಸಿ, ಖಡ್ಗವನ್ನು ಬಂಡೆಯೊಳಗೇ ಬಿಟ್ಟು, ಅತ್ತೆಯೊಡನೆ ಮನೆಗೆ ನಡೆದಳು. ಮುಂದೆ ಆಕೆ ಬಹುಕಾಲ ಬಾಳಿ, ಈ ತೀರ್ಥದ ಮೊದಲ ಪೂಜಾರಿಣಿಯಾಗಿ, ಮುಪ್ಪಿನಲ್ಲಿ ದೇವಿಯ ಸಾಯುಜ್ಯವನ್ನು ಪಡೆದಳು.

ಬಂಡೆಯ ಬಿರುಕು ಅಲಗಿನ ಅಗಲಕ್ಕೇ ಇರುವುದನ್ನು ಭಕ್ತರು ಇಂದಿಗೂ ಕಣ್ಣಾರೆ ಕಾಣಬಹುದು. ಕಡುಬೇಸಿಗೆಯಲ್ಲೂ ಬತ್ತದ ಆ ನೀರನ್ನು ಬಾಯಿಗಿಟ್ಟರೆ ಕಬ್ಬಿಣದ ಒಗರು ನಾಲಗೆಗೆ ತಾಕುತ್ತದೆ. ಕ್ಷೇತ್ರದಲ್ಲಿ ಧೂಪವಿಲ್ಲ, ಹೋಮವಿಲ್ಲ, ದೀಪವೂ ಇಲ್ಲ. ನೈವೇದ್ಯವನ್ನು ಕೆಳಗಿನ ಊರಿನಲ್ಲಿಯೇ ಬೇಯಿಸಿ ತರಬೇಕು. ಮಹಾನವಮಿಯಂದು ಮೊದಲ ಕೊಡವನ್ನು ತುಂಬುವ ಹಕ್ಕು ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳದು. ಅವರು ಸಾಲಾಗಿ ಬಂಡೆಯನ್ನೇರಿ ಬಂದಾಗ ಪೂಜಾರಿಣಿಯು ಪ್ರತಿಯೊಬ್ಬರ ಹಣೆಗೂ ಕುಂಕುಮವಿಡುತ್ತಾಳೆ. ಗಂಡನಿದ್ದಾನೆಯೇ ಇಲ್ಲವೇ ಎಂದು ಯಾರನ್ನೂ ಕೇಳುವ ಪದ್ಧತಿ ಈ ಕ್ಷೇತ್ರದಲ್ಲಿ ಇಲ್ಲ.